ಹಿಡಿದವನ ಕಡೆಗೆ

ನೀರು ಉಗುರುಬೆಚ್ಚಗಿರಬೇಕು. ಬಟ್ಟಲಿನಲ್ಲಿ ಬೆರಳದ್ದಿ ನೋಡಿದ; ಬಿಸಿ ಹೆಚ್ಚಾಯಿತೆನ್ನಿಸಿ ಅರ್ಧ ಲೋಟ ತಣ್ಣೀರು ಬೆರೆಸಿದ. ಮತ್ತೆ ಅದ್ದಿದ, ಈಗ ತಣ್ಣಗಾಯಿತೆನ್ನಿಸಿತು. ನೀರಿನ ಹದ ನೋಡಲು ಎರಡು ಸಲ ಬೆರಳದ್ದಬೇಕಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು, ನೋಡಲು ಕೋಣೆಯಲ್ಲಿ ಯಾರೂ ಇರಲಿಲ್ಲವಾದರೂ. ಮೇಜಿನ ಮೇಲೆ, ಎರಡು ಮರದ ಕವಲುಗಳ ನಡುವೆ, ಗಾಳದ ಕೋಲು ಮಲಗಿತ್ತು. ದಾರ ಹಾಯುವ ಉಂಗುರಗಳನ್ನು ಕಟ್ಟಿ ಸುತ್ತಿಯಾಗಿತ್ತು, ಕಾರ್ಕಿನ ಹಿಡಿಯನ್ನು ಉಜ್ಜಿ ನುಣುಪು ಮಾಡಿಯಾಗಿತ್ತು, ಎರಡು ಸೀಸೆಯದನ್ನು ಕಲಸಿದರೆ ಗಾಜಿನ ಹಾಗೆ ಗಟ್ಟಿಯಾಗುವ ಅಂಟನ್ನು ಕೋಲಿನ ಕಪ್ಪು ಮೈಗೆ ಮೊದಲ ಕೈ ಬಳಿದು ಒಣಗಿಸಿಯೂ ಆಗಿತ್ತು. ಉಳಿದದ್ದು ಹೆಸರು ಕೂರಿಸುವ ಕೆಲಸ. ಹೆಸರೆಂದರೆ ಒಂದು ತೆಳ್ಳನೆಯ ಪೊರೆ. ಕಾಗದದ ಬೆನ್ನಿಗಂಟಿಕೊಂಡು ಅಚ್ಚಾಗಿ ಬರುತ್ತದೆ, ನೀರಿನಲ್ಲಿ ಅರ್ಧ ನಿಮಿಷ ನೆನೆದರೆ ಕಾಗದವನ್ನು ಬಿಟ್ಟು ಜಾರುತ್ತದೆ, ಜಾರಿದ್ದನ್ನು ಹಾಗೇ ಕೋಲಿನ ಮೇಲೆ ಇಳಿಸಿಬಿಡಬೇಕು. ಮಾರುವವರು ಅದನ್ನು ಡೆಕಾಲ್ ಎನ್ನುತ್ತಾರೆ, ಗಿರಾಕಿಗಳು ಸ್ಟಿಕ್ಕರ್ ಎನ್ನುತ್ತಾರೆ, ಈ ಕೋಣೆಯಲ್ಲಿ ಮಾತ್ರ ಅದು ಮೊದಲಿನಿಂದಲೂ ಪೊರೆ. ಆ ಮಾತನ್ನು ತಂದವರು ಭಾವ, ಅಕ್ಕನ ಗಂಡ. ಈ ಕೋಣೆ, ಮೇಜು, ಮರದ ಕವಲುಗಳು, ಗೋಡೆಗೆ ತಾಗಿಸಿಟ್ಟ ಮೂರು ಕಾಲಿನ ಸ್ಟೂಲು, ಎಲ್ಲವೂ ಒಂದು ಕಾಲಕ್ಕೆ ಅವರವೇ. ಈ ಕೋಲೂ ಅವರಿಗೇ. ಸಂಜೆ ನಾಲ್ಕಕ್ಕೆ ಕರೆದುಕೊಂಡು ಬರುತ್ತೇನೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು.

ಬಟ್ಟಲಿನ ಪಕ್ಕದಲ್ಲಿ ಎರಡು ಹಾಳೆಗಳಿದ್ದವು. ಒಂದು ಹೊಸದು, ಹೋದ ತಿಂಗಳು ಅಚ್ಚಿನವನು ಕಳಿಸಿದ್ದು. ಅದರ ತುಂಬ ಬಿಳಿಯ ಅಕ್ಷರದಲ್ಲಿ ಪೆನ್ಸಿಲ್ ಪೆನ್ಸಿಲ್ ಪೆನ್ಸಿಲ್ ಎಂದು ಸಾಲುಸಾಲಾಗಿ, ತಪ್ಪು ಮಾಡಿದ ವಿದ್ಯಾರ್ಥಿಗೆ ಮೇಷ್ಟ್ರು ಬರೆಯಲು ಕೊಟ್ಟ ಶಿಕ್ಷೆಯ ಹಾಗೆ ಇತ್ತು. ಪೆನ್ಸಿಲ್ ಎಂದರೆ ಅವನೇ. ಹದಿನೆಂಟರಲ್ಲಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು, ಅದಕ್ಕಿಂತ ಹೆಚ್ಚೇನೂ ದಪ್ಪವಿಲ್ಲದ ಮೈ ಹೊತ್ತು ಕೆಲಸ ಕಲಿಯಲು ಬಂದಾಗ ಭಾವ ಇಟ್ಟ ಅಡ್ಡಹೆಸರು. ಈಗ ಹೊಟ್ಟೆ ಬಂದಿದೆ, ಬೆಲ್ಟಿಗೆ ಎರಡು ತೂತು ಹೊಸದಾಗಿ ಹೊಡೆಸಿಯಾಗಿದೆ, ಆದರೂ ಗಿರಾಕಿಗಳಿಗೆ ಅವನು ಪೆನ್ಸಿಲ್ ಸಾರ್, ಅವನು ಮಾಡಿದ್ದು ಪೆನ್ಸಿಲ್ ಕೋಲು. ಇನ್ನೊಂದು ಹಾಳೆ ಹಳೆಯದು, ಅಂಚು ಹಳದಿಗಟ್ಟಿತ್ತು. ಕತ್ತರಿಸಿ ಕತ್ತರಿಸಿ ಅದರ ಮೂಲೆಯಲ್ಲಿ ಒಂದೇ ಒಂದು ಪೊರೆ ಉಳಿದಿತ್ತು. ಕೈಯಾರೆ ಎಂಬ ಒಂದು ಮಾತು, ಅದರ ಕೆಳಗೆ ಉಗುರಿನಷ್ಟು ದೊಡ್ಡ ಕೊಕ್ಕೆ. ಭಾವ ತಮ್ಮ ಕೋಲುಗಳ ಮೇಲೆ ಬೇರೇನೂ ಹಾಕುತ್ತಿರಲಿಲ್ಲ. ಯಾರು ಮಾಡಿದ್ದು ಅಂತ ಹಾಕಬಾರದೇ ಎಂದು ಯಾರಾದರೂ ಕೇಳಿದರೆ, 'ಕೈ ಮಾಡಿದ್ದು, ಹಾಕಿದೀನಲ್ಲ' ಎನ್ನುತ್ತಿದ್ದರು. ಆ ಹಾಳೆಯನ್ನು ಅವನು ಹತ್ತೊಂಬತ್ತು ವರ್ಷ ಡ್ರಾಯರಿನ ತಳದಲ್ಲಿ, ದಾರದ ಉರುಳೆಗಳ ಕೆಳಗೆ, ಇಟ್ಟುಕೊಂಡಿದ್ದ. ಎಸೆಯಲೂ ಇಲ್ಲ, ಕೊಡಲೂ ಇಲ್ಲ. ಹಳೆಯ ಪೊರೆ ನೀರಿಗೆ ಬಿದ್ದರೆ ಹಪ್ಪಳದ ಹಾಗೆ ಚೂರಾಗುತ್ತದೆ. ಅದಕ್ಕೇ ನಿನ್ನೆ ಅದರ ಮೇಲೆ ತೆಳ್ಳಗೆ ವಾರ್ನಿಷ್ ಎಳೆದು ಗಟ್ಟಿ ಮಾಡಿಟ್ಟಿದ್ದ.

ಹೆಸರು ಕೂರಿಸುವ ಮೊದಲು ತೀರ್ಮಾನವಾಗಬೇಕಾದದ್ದು ದಿಕ್ಕು. ಹಿಡಿಯಿಂದ ಮೇಲೆ ಅಂಗೈಯಗಲದ ಜಾಗದಲ್ಲಿ ಪೊರೆ ಕೂರುತ್ತದೆ. ಅಕ್ಷರ ತುದಿಯ ಕಡೆಯಿಂದ ಶುರುವಾಗಿ ಹಿಡಿಯ ಕಡೆ ಮುಗಿದರೆ, ಬಲಗೈಯಲ್ಲಿ ಹಿಡಿದು ಕೋಲನ್ನು ಎದೆಗಡ್ಡ ತಂದುಕೊಂಡವನಿಗೆ ಅದು ನೆಟ್ಟಗೆ ಕಾಣುತ್ತದೆ. ಹಿಡಿಯ ಕಡೆಯಿಂದ ಶುರುವಾದರೆ ಅವನಿಗೆ ತಲೆಕೆಳಗು; ಎದುರಿಗೆ ನಿಂತವನಿಗೆ, ಫೋಟೋ ತೆಗೆಯುವವನಿಗೆ ನೆಟ್ಟಗೆ. ಭಾವನದು ಒಂದೇ ಮಾತು. 'ಹೆಸರು ಹಿಡಿದವನ ಕಡೆಗಿರಬೇಕು ಕಣೋ ಪೆನ್ಸಿಲ್. ಮೀನು ಬೀಳದೆ ನಾಲ್ಕು ಗಂಟೆ ಕೂತಿರ್ತಾನಲ್ಲ ಪಾಪ, ಅವನಿಗೆ ಓದೋಕೆ ಏನಾದ್ರೂ ಬೇಡ್ವಾ?' ಅಕ್ಕ ಕೂಡ ಆ ಮಾತನ್ನು ಕೇಳಿ ಕೇಳಿ, ಮನೆಯಲ್ಲಿ ಪುಸ್ತಕ ತಿರುಗಿಸಿ ಇಟ್ಟರೂ ಹಿಡಿದವನ ಕಡೆಗಿಡಿ ಎಂದು ಗಂಡನನ್ನು ಅಣಕಿಸುತ್ತಿದ್ದಳು. ಅವನ ಪೆನ್ಸಿಲ್ ಕೋಲುಗಳಲ್ಲಿ ಹೆಸರು ಎದುರಿನವನ ಕಡೆಗಿರುತ್ತದೆ. ಗಿರಾಕಿಗಳು ಅದನ್ನೇ ಬಯಸುತ್ತಾರೆ ಎಂದು ಅವನು ಹೇಳಿಕೊಳ್ಳುತ್ತಾನೆ, ಅದು ಸುಳ್ಳೂ ಅಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಗಾಳ ಹಾಕುವವರ ಸಂಘದ ಪ್ರದರ್ಶನವಿತ್ತು. ಭಾವ ಏಳು ತಿಂಗಳಿಂದ ಒಂದು ಕೋಲು ಮಾಡುತ್ತಿದ್ದರು. ಹಿಡಿಯ ಮೇಲೆ ನಾಲ್ಕು ಬಣ್ಣದ ದಾರದಲ್ಲಿ ಮೀನಿನ ಹುರುಪೆಯ ಹಾಗೆ ನೇಯ್ಗೆ, ಒಂದೆಳೆ ತಪ್ಪಿದರೂ ಬಿಚ್ಚಿ ಮತ್ತೆ ಮೊದಲಿನಿಂದ. ಪ್ರದರ್ಶನಕ್ಕೆ ಎರಡು ದಿನವಿರುವಾಗ ಅಕ್ಕನಿಗೆ ಅಪೆಂಡಿಕ್ಸ್ ಒಡೆದು ಆಸ್ಪತ್ರೆಗೆ ಸೇರಿಸಬೇಕಾಯಿತು. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ, ಫಿನಾಯಿಲ್ ವಾಸನೆಯ ನಡುವೆ, ಭಾವ ಅವನ ಭುಜ ಹಿಡಿದು ಹೇಳಿದ್ದರು. 'ಪೊರೆ ಕೂರಿಸಿದೀನಿ, ಒಣಗಿದೆ. ಮೇಲೆ ಒಂದು ಕೈ ಅಂಟು ಕೊಟ್ಟು, ನಾಳಿದ್ದು ತಗೊಂಡು ಹೋಗಿ ಇಟ್ಬಿಡು. ನಾನು ಇವಳನ್ನ ಬಿಟ್ಟು ಬರೋಕಾಗಲ್ಲ.' ಅವನು ಇದೇ ಕೋಣೆಗೆ ಬಂದ, ಇದೇ ಮೇಜಿನ ಮುಂದೆ ಕೂತ. ಅಂಟು ಕಲಸಲು ಹೊರಟವನು ಹತ್ತಿ ತೆಗೆದುಕೊಂಡು ನೀರಿನಲ್ಲಿ ಅದ್ದಿದ. ಮೇಲೆ ಅಂಟು ಬೀಳದ ಪೊರೆ ಒದ್ದೆ ಹತ್ತಿಗೆ ತಾಳುವುದಿಲ್ಲ. ಕೈಯಾರೆ ಎಂಬುದು ಎರಡೇ ಉಜ್ಜಿಗೆ ಸುರುಟಿಕೊಂಡು, ಬಿಳಿಯ ಹುಡಿಯಾಗಿ ಹತ್ತಿಗೆ ಮೆತ್ತಿತು. ಅಷ್ಟು ಸುಲಭವಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಸ್ವಲ್ಪ ಕಷ್ಟವಾಗಿದ್ದರೆ ಬಿಟ್ಟುಬಿಡುತ್ತಿದ್ದನೇನೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾನೆ. ಪೆನ್ಸಿಲ್ ಎಂದು ಗುಟ್ಟಾಗಿ ಅಚ್ಚು ಹಾಕಿಸಿದ ಹಾಳೆ ಆರು ತಿಂಗಳಿಂದ ಡ್ರಾಯರಿನಲ್ಲಿತ್ತು. ಉಂಗುರಗಳನ್ನು ಕಟ್ಟಿದ್ದು ತಾನೇ, ಹಿಡಿಯನ್ನು ಉಜ್ಜಿದ್ದೂ ತಾನೇ, ಭಾವನಿಗೆ ಹೆಸರಿನ ಹುಚ್ಚೇ ಇಲ್ಲವಲ್ಲ ಎಂದು ಅಂದುಕೊಂಡ. ಸಂಘದ ಹಾಲಿನಲ್ಲಿ ಕೋಲುಗಳನ್ನು ಗೋಡೆಯ ಮೇಲೆ, ಹಿಡಿ ಎಡಕ್ಕೆ ತುದಿ ಬಲಕ್ಕೆ ಮಾಡಿ, ಅಡ್ಡ ಜೋಡಿಸುತ್ತಿದ್ದರು. ನೋಡುವವರು ಓದಲಿ ಎಂದು ಪೆನ್ಸಿಲ್ ಎಂಬ ಅಕ್ಷರವನ್ನು ಹಿಡಿಯ ಕಡೆಯಿಂದ ಶುರುಮಾಡಿ ಕೂರಿಸಿದ.

ಮೊದಲ ಬಹುಮಾನ ಬಂತು. ಪತ್ರಿಕೆಯಲ್ಲಿ ಅವನ ಫೋಟೋ ಬಂತು, ಕೋಲನ್ನು ಮಗುವಿನ ಹಾಗೆ ಎರಡೂ ತೋಳಿನಲ್ಲಿ ಮಲಗಿಸಿಕೊಂಡು ನಗುತ್ತಿರುವುದು. ಮೂರನೆಯ ದಿನ ಭಾವ ಆಸ್ಪತ್ರೆಯಿಂದ ನೇರ ಸಂಘದ ಹಾಲಿಗೆ ಬಂದರು, ಕೈಯಲ್ಲಿ ಫ್ಲಾಸ್ಕ್ ಹಿಡಿದುಕೊಂಡು. ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಅವನ ಕಡೆ ತಿರುಗದೆಯೇ, 'ತಲೆಕೆಳಗಾಗಿದೆ' ಎಂದರು. ಇನ್ನೊಂದು ಕ್ಷಣ ಬಿಟ್ಟು, 'ಇವತ್ತು ನಿಮ್ಮಕ್ಕ ಎದ್ದು ಕೂತ್ಲು' ಎಂದರು. ಅಷ್ಟೇ. ಅವರು ಹೇಳಿದ್ದು ಅಕ್ಷರದ ದಿಕ್ಕಿನ ಬಗ್ಗೆಯೋ, ಇಡೀ ಲೋಕವೇ ಹಾಗಾಗಿದೆ ಎಂದೋ, ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ತೀರ್ಮಾನವಾಗಿಲ್ಲ. ಎರಡು ತಿಂಗಳ ನಂತರ, ದಾರದ ಕೆಲಸಕ್ಕೆ ಕಣ್ಣು ಸೋಲುತ್ತಿದೆ ಎಂದು ಹೇಳಿ ಭಾವ ಕೋಣೆಯ ಬೀಗದ ಕೈಯನ್ನು ಅವನಿಗೆ ಕೊಟ್ಟು, ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಮೊಳೆ ತೂಗುವ ಕೆಲಸಕ್ಕೆ ಸೇರಿಕೊಂಡರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ; ಅರವತ್ತರವರೆಗೂ ಕನ್ನಡಕವಿಲ್ಲದೆ ಮೊಳೆಯ ನಂಬರು ಓದುತ್ತಿದ್ದರು. ಅಕ್ಕ ಮಾತ್ರ, ನನ್ನ ಆಪರೇಷನ್ ಆದ್ಮೇಲೆ ಇವರಿಗೆ ಹೆದರಿಕೆ ಬಂತು, ತಿಂಗಳ ಸಂಬಳ ಬೇಕು ಅನ್ನಿಸ್ತು ಎಂದು ಎಲ್ಲರಿಗೂ ಹೇಳುತ್ತ ಬಂದಳು. ಹಬ್ಬ ಹುಣ್ಣಿಮೆ, ಮದುವೆ ಮುಂಜಿ ಎಂದು ಸೇರಿದಾಗಲೆಲ್ಲ ಭಾವ ಅವನೊಡನೆ ಮಾತಾಡಿದರು, ನಕ್ಕರು, ಅವನ ಹೊಟ್ಟೆಯನ್ನು ಗೇಲಿ ಮಾಡಿದರು. ಯಾರಾದರೂ ಕಳ್ಳತನದ ಸುದ್ದಿ ಎತ್ತಿದರೆ ಸಾಕು, ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಭಾವ ಆಗ ಬೇರೆ ಕಡೆ ನೋಡುತ್ತಿದ್ದರು.

ಕತ್ತರಿ ತೆಗೆದುಕೊಂಡು ಕೈಯಾರೆಯ ಸುತ್ತ ಕತ್ತರಿಸತೊಡಗಿದ. ಅಚ್ಚಿಗೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು, ಮೂಲೆಗಳನ್ನು ದುಂಡಗೆ ಮಾಡಬೇಕು, ಇಲ್ಲದಿದ್ದರೆ ಅಂಚು ಎದ್ದು ನಿಲ್ಲುತ್ತದೆ. ಬೆಳಗ್ಗೆ ಹಲ್ಲುಜ್ಜುವಾಗ ತೀರ್ಮಾನ ಮಾಡಿದ್ದ: ಇದನ್ನೇ ಹಾಕುವುದು, ತುದಿಯಿಂದ ಹಿಡಿಯ ಕಡೆಗೆ, ಭಾವನ ನಿಯಮದಂತೆ ಹಾಕುವುದು, ಅವರು ಅದನ್ನು ಓದುತ್ತಿರುವಾಗ ಮಾತು ತೆಗೆಯುವುದು. ಪೆನ್ಸಿಲ್ ಎಂದು ಹಾಕಿ ಅವರ ಕೈಗೆ ಕೊಟ್ಟರೆ ಆ ಕೆಲಸವನ್ನು ಎರಡನೆಯ ಸಲ ಮಾಡಿದ ಹಾಗೆ. ಏನೂ ಹಾಕದೆ ಕೊಟ್ಟರೆ ಮತ್ತೆ ಬಾಯಿ ಮುಚ್ಚಿಕೊಂಡ ಹಾಗೆ. ಭಾವ, ಆ ವರ್ಷದ ಕೋಲು ಇತ್ತಲ್ಲ... ಇಷ್ಟನ್ನು ಅವನು ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡಿದ್ದಾನೆ, ಅದರ ಮುಂದಿನ ವಾಕ್ಯ ಒಂದು ಸಲವೂ ಬಂದಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಭಾವನಿಗೆ ಪಾರ್ಶ್ವವಾಯು ಬಡಿದು, ಬಲಗೈ ಬಲಗಾಲು ಬಿದ್ದು, ಮಾತೂ ನಿಂತುಹೋದಾಗ ಅವನು ದಿನಾ ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದ. ಎಲ್ಲರೂ ಅವನನ್ನು ಮೆಚ್ಚಿಕೊಂಡರು. ನಿಜ ಹೇಳಬೇಕೆಂದರೆ ಭಾವನಿಗೆ ಮಾತಿಲ್ಲದ ಆ ಮೂರು ವಾರ ಅವನಿಗೆ ಹಾಯೆನಿಸಿತ್ತು. ಅವರು ಇನ್ನು ಎಂದೂ ಕೇಳಲಾರರು ಎಂಬ ಹಾಯಿ ಅದು. ಅದು ಅರಿವಾದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ತನ್ನ ಬಗ್ಗೆ ತಾನೇ ಅಸಹ್ಯಪಟ್ಟ, ಆಮೇಲೆ ಹೋಗಿ ಕಾಫಿ ಕುಡಿದ. ನಾಲ್ಕನೆಯ ವಾರ ಭಾವನಿಗೆ ಒಂದೊಂದೇ ಮಾತು ಮರಳತೊಡಗಿತು. ಹೋದ ವಾರ ಅಕ್ಕ ಫೋನಿನಲ್ಲಿ ಹೇಳಿದಳು: 'ಇವರಿಗೆ ಮತ್ತೆ ಕೆರೆಗೆ ಹೋಗ್ಬೇಕಂತೆ ಕಣೋ. ಹಳೇ ಕೋಲು ಎತ್ತೋಕಾಗಲ್ಲ. ಹಗುರದ್ದೊಂದು ಮಾಡ್ಕೊಡು.' ಭಾವ ಏನಂದರು ಎಂದು ಕೇಳಿದ. 'ಏನಂತಾರೆ? ಅವನ ಹತ್ರಾನೇ ಮಾಡಿಸು ಅಂದ್ರು.' ಆ 'ನೇ' ಎಂಬುದು ಎಂಟು ದಿನದಿಂದ ಅವನ ಕಿವಿಯಲ್ಲಿ ಕೂತಿದೆ. ಅವನ ಹತ್ತಿರ ಎಂದಿದ್ದರೆ ಸಾಕಿತ್ತಲ್ಲ.

ಪೊರೆಯನ್ನು ನೀರಿಗೆ ಬಿಟ್ಟ. ಕಾಗದ ಒಂದು ಸಲ ಸುರುಳಿಯಾಗಿ, ಮತ್ತೆ ನಿಧಾನಕ್ಕೆ ಬಿಡಿಸಿಕೊಂಡಿತು. ಅಷ್ಟರಲ್ಲಿ ಬಾಗಿಲ ಬಳಿ 'ಪೆನ್ಸಿಲ್ ಸಾರ್, ಇದ್ದೀರಾ?' ಎಂಬ ದನಿ ಕೇಳಿತು. ಹಲ್ಲಿನ ಡಾಕ್ಟರು. ನಿವೃತ್ತರಾದ ಮೇಲೆ ಗಾಳದ ಗೀಳು ಹಿಡಿಸಿಕೊಂಡವರು, ಮೂರು ತಿಂಗಳ ಹಿಂದೆ ತಮ್ಮ ಹೆಸರನ್ನೂ ಹಾಕಿಸಿ ಒಂದು ಕೋಲು ಮಾಡಿಸಿಕೊಂಡು ಹೋಗಿದ್ದರು. ಮಾತಾಡುವಾಗ ಎದುರಿನವರ ಕಣ್ಣು ಬಿಟ್ಟು ಬಾಯಿಯನ್ನೇ ನೋಡುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ. ಅವರ ಮುಂದೆ ಅವನು ತುಟಿ ಬಿಗಿಹಿಡಿದೇ ಮಾತಾಡುತ್ತಾನೆ, ಒಳಗಿನ ಒಂದು ಹಲ್ಲು ಕಪ್ಪಾಗಿದೆ. ಡಾಕ್ಟರು ತಮ್ಮ ಕೋಲನ್ನು ಗೋಡೆಗೊರಗಿಸಿ, ಮೇಜಿನ ಆಚೆ ಬದಿಗೆ ಬಂದು ನಿಂತರು.

'ನನ್ನ ಹೆಸರು ಸಣ್ಣದಾಯ್ತು ಅಂತಾಳೆ ನಮ್ಮನೆಯವಳು. ಫೋಟೋ ತೆಗೆದ್ರೆ ಮೀನು ಕಾಣುತ್ತೆ, ಹೊಟ್ಟೆ ಕಾಣುತ್ತೆ, ಹೆಸರು ಕಾಣಲ್ಲ.'

'ಮೀನು ಎಷ್ಟು ದೊಡ್ಡದಿತ್ತು ಸಾರ್?'

'ಮೀನಿನ ಮಾತು ಬಿಡಿ. ಹೆಸರಿನ ಮುಂದೆ ಡಾಕ್ಟರ್ ಅಂತ ಸೇರಿಸೋಕಾಗುತ್ತಾ, ದಪ್ಪ ಅಕ್ಷರದಲ್ಲಿ?'

ಅರ್ಧ ನಿಮಿಷವಾಗಿತ್ತು. ಇನ್ನು ತಡಮಾಡಿದರೆ ಪೊರೆ ಕಾಗದ ಬಿಟ್ಟು ನೀರಿನಲ್ಲಿ ತೇಲಿ ಸುತ್ತಿಕೊಂಡುಬಿಡುತ್ತದೆ. ಕೋಲಿನ ಮೇಲೆ ಒಂದು ಹನಿ ನೀರು ಸವರಿ, ಚಿಮುಟದಿಂದ ಕಾಗದವನ್ನೆತ್ತಿ, ಬೆರಳ ತುದಿಯಿಂದ ಪೊರೆಯನ್ನು ಮೆಲ್ಲಗೆ ಜಾರಿಸಿದ. 'ಆಗುತ್ತೆ ಸಾರ್, ಹಳೇದು ಕೆರೆದು ತೆಗೀಬೇಕು, ಎರಡು ದಿನ ಬಿಡಿ' ಎಂದ. ಡಾಕ್ಟರು ಮೇಜಿನ ಮೇಲೆ ಬಾಗಿ ನೋಡುತ್ತ ಮಾತು ಮುಂದುವರಿಸಿದರು. ಕೈ ನೆಟ್ಟಗಿದ್ದಾಗ ಪುರುಸೊತ್ತಿರಲಿಲ್ಲ, ಪುರುಸೊತ್ತಾದಾಗ ಕೈ ನಡುಗುತ್ತದೆ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರಲ್ಲ ಹಾಗೆ, ಇಷ್ಟು ಜನರ ಹಲ್ಲು ಕಿತ್ತದ್ದಕ್ಕೆ ಶಾಪವಿರಬೇಕು ಎಂದು ತಾವೇ ನಕ್ಕರು. ನಗು ಮುಗಿಸಿ ಪೊರೆಯ ಮೇಲೆ ಕಣ್ಣಿಟ್ಟರು. 'ಕೈಯಾರೆ. ಚೆನ್ನಾಗಿದೆ. ಯಾರ ಹೆಸರು ಇದು?'

'ಹೆಸರಲ್ಲ ಸಾರ್.'

'ಸ್ವಲ್ಪ ಸೊಟ್ಟಗಿದೆ ನೋಡಿ. ನಿಮ್ಮ ಕಡೆಗೆ ಒಂದು ಎಳೆ. ಹಾಂ, ಈಗ ನೆಟ್ಟಗಾಯ್ತು.'

ಮೆತ್ತನೆಯ ಕುಂಚದಿಂದ ನಡುವಿನಿಂದ ಅಂಚಿಗೆ ನೀರನ್ನು ನೂಕಿದ. ಒಂದು ಗುಳ್ಳೆ ಕೊಕ್ಕೆಯ ಬಳಿ ಸಿಕ್ಕಿಕೊಂಡಿತ್ತು, ಅದನ್ನೂ ಹೊರಗಟ್ಟಿದ. ಹಳೆಯ ಪೊರೆ ಎಲ್ಲೂ ಬಿರಿಯಲಿಲ್ಲ. ಇಷ್ಟು ಚೆನ್ನಾಗಿ ಕೂತದ್ದು ಕಂಡು ಅವನಿಗೆ ಸಂತೋಷವಾಯಿತು, ಭಾವನ ಸ್ಟೂಲಿನ ಕಡೆ ತಿರುಗಿ ನೋಡಿದ ಕೂಡ. ಡಾಕ್ಟರು ಇನ್ನೂ ಕಾಲು ಗಂಟೆ ಮಾತಾಡಿ, ಅವನ ಬಾಯಿಯನ್ನು ಕೊನೆಯ ಸಲ ನೋಡಿ, 'ಮೇಲಿನ ಎಡಗಡೇದು ತೋರಿಸ್ಕೊಳ್ಳಿ ಯಾರಿಗಾದ್ರೂ' ಎಂದು ಹೇಳಿ ಹೋದರು.

ಪೊರೆ ಪೂರಾ ಒಣಗಬೇಕು, ಆಮೇಲೆ ಅದರ ಮೇಲೆ ಅಂಟಿನ ಕೈ. ಊಟ ಮಾಡಿ ಬಂದು, ಎರಡು ಗಂಟೆಯ ಹೊತ್ತಿಗೆ ಅಂಟಿನ ಎರಡೂ ಸೀಸೆಗಳನ್ನು ಮೇಜಿನ ಮೇಲಿಟ್ಟು, ಕೋಲನ್ನು ತೂಗಿ ನೋಡೋಣವೆಂದು ಬಲಗೈಯಲ್ಲೆತ್ತಿ ಎದೆಗಡ್ಡ ತಂದುಕೊಂಡ. ಅಕ್ಷರ ತಲೆಕೆಳಗಾಗಿತ್ತು. ಒಂದು ಕ್ಷಣ ಕೋಲನ್ನೇ ತಿರುವಿ ಹಿಡಿದಿದ್ದೇನೇನೋ ಎಂದು ನೋಡಿದ. ಇಲ್ಲ, ಹಿಡಿ ಕೈಯಲ್ಲೇ ಇತ್ತು. ಕೈಯಾರೆ ಹಿಡಿಯ ಕಡೆಯಿಂದ ಶುರುವಾಗಿ ತುದಿಯ ಕಡೆಗೆ ಓಡುತ್ತಿತ್ತು. ಕೋಲು ಯಾವಾಗಲೂ ಮೇಜಿನ ಮೇಲೆ ಹಿಡಿ ಅವನ ಬಲಕ್ಕೆ ಬರುವಂತೆ ಮಲಗಿರುತ್ತದೆ, ಅವನು ಕೂರುವ ಜಾಗಕ್ಕೆ ಹೆಸರು ಯಾವಾಗಲೂ ತಲೆಕೆಳಗಾಗೇ ಕಾಣುತ್ತದೆ. ಹತ್ತೊಂಬತ್ತು ವರ್ಷದಿಂದ ಅವನ ಕಣ್ಣಿಗೆ ತಲೆಕೆಳಗಾದದ್ದೇ ಸರಿ. ಕೈ ತನಗೆ ಗೊತ್ತಿದ್ದ ಕೆಲಸವನ್ನು ಮಾಡಿ ಮುಗಿಸಿತ್ತು. ಎದುರಿಗೆ ನಿಂತ ಡಾಕ್ಟರು ಕೈಯಾರೆ ಎಂದು ಸಲೀಸಾಗಿ ಓದಿದಾಗಲೇ, ನೆಟ್ಟಗಾಯ್ತು ಎಂದಾಗಲೇ, ಅವನಿಗೆ ತಿಳಿಯಬೇಕಿತ್ತು.

ಸ್ಟೂಲಿನ ಮೇಲೆ ಕೂತ. ಅದು ಭಾವನದೆಂದು ನೆನಪಾಗಿ ಎದ್ದು ನಿಂತ. ಹೊಸ ಪೊರೆಯಾಗಿದ್ದರೆ ಚಿಂತೆಯಿರಲಿಲ್ಲ, ತೆಗೆದು ಬಿಸಾಡಿ ಇನ್ನೊಂದು ಹಾಕಬಹುದು. ಇದು ಕೊನೆಯದು. ಒದ್ದೆ ಹತ್ತಿಯಿಂದ ಅಂಚನ್ನು ನೆನೆಸಿ ಎಬ್ಬಿಸಿದರೆ ಇಡಿಯಾಗಿ ಬರಲೂಬಹುದು, ಇಪ್ಪತ್ತು ವರ್ಷದ ಪೊರೆ, ಬರದೆಯೂ ಇರಬಹುದು. ಹಾಗೇ ಬಿಟ್ಟರೆ ಭಾವ ಕೈಗೆತ್ತಿಕೊಂಡ ಕೂಡಲೇ ಏನು ಹೇಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಅದೇ ಒಂದು ಮಾತು. ಈಗಂತೂ ಅವರ ಬಳಿ ಹೆಚ್ಚು ಮಾತುಗಳೂ ಇಲ್ಲ. ಹತ್ತಿ ತೆಗೆದು ಬಟ್ಟಲಿಗದ್ದಿದ, ಹಿಂಡಿದ, ಕೋಲಿನ ಮೇಲೆ ಹಿಡಿದ. ಹಿಡಿದ ಮೇಲೆ ತನ್ನ ಕೈ ನಿಂತ ರೀತಿಯನ್ನು ತಾನೇ ನೋಡಿದ. ಇದೇ ಮೇಜು, ಇದೇ ಮಾತು, ಅಂಟು ಕಾಣದ ಇದೇ ಪೊರೆ, ಮೇಲೆ ಒದ್ದೆ ಹತ್ತಿ. ಒಂದು ಹನಿ ಕೋಲಿನ ಪಕ್ಕ ಮೇಜಿನ ಮೇಲೆ ಬಿತ್ತು. ಹೊರಗೆ ಆಟೋ ನಿಂತ ಸದ್ದು, 'ನಿಧಾನ, ಮೆಟ್ಟಿಲಿದೆ' ಎನ್ನುವ ಅಕ್ಕನ ದನಿ. ಇನ್ನೂ ಎರಡೂಮುಕ್ಕಾಲು. ಹತ್ತಿಯನ್ನು ಎಲ್ಲಿಡಬೇಕೆಂದು ತೋಚದೆ ಪ್ಯಾಂಟಿನ ಜೇಬಿಗೆ ತುರುಕಿದ.

ಭಾವ ಒಳಗೆ ಬಂದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಬೇರೆ ಯಾರದೋ ಸಾಮಾನನ್ನು ಜೋಪಾನವಾಗಿ ತಲುಪಿಸಲು ಬಂದವರ ಹಾಗೆ ನಡೆದು, ಯಾರೂ ಹೇಳದೆಯೇ ಸ್ಟೂಲಿನ ಮೇಲೆ ಕೂತರು. ಬಲಗೈಯನ್ನು ತೊಡೆಯ ಮೇಲಿಟ್ಟರು. ಕೋಣೆಯನ್ನೊಮ್ಮೆ ನೋಡಿದರು, ಕವಲುಗಳನ್ನು, ಗೋಡೆಯ ಮೇಲಿನ ದಾರದ ಉರುಳೆಗಳನ್ನು, ಬಹುಮಾನದ ದಿನದ ಪತ್ರಿಕೆಯ ಫೋಟೋ ಹಿಂದೆ ತೂಗುತ್ತಿದ್ದ, ಈಗ ಖಾಲಿಯಾದ ಜಾಗದ ಬಿಳಿ ಚೌಕವನ್ನು.

'ಬೇಗ ಬಂದ್ವಾ?' ಎಂದಳು ಅಕ್ಕ. 'ಇವರು ಹನ್ನೆರಡಕ್ಕೇ ಚಪ್ಪಲಿ ಹಾಕ್ಕೊಂಡು ಕೂತಿದ್ರು. ಇದೇನೋ ಪ್ಯಾಂಟೆಲ್ಲ ಒದ್ದೆ?'

'ನೀರು ಚೆಲ್ತು ಅಕ್ಕ.'

'ಐವತ್ತಾದ್ರೂ ನೀರು ಚೆಲ್ಲೋದು ಬಿಡಲಿಲ್ಲ ನೀನು.'

'ಕೊಡು' ಎಂದರು ಭಾವ.

ಅವನು ಕೋಲನ್ನೆತ್ತಿ, ಎಷ್ಟೋ ವರ್ಷದ ರೂಢಿಯಂತೆ, ಹಿಡಿಯನ್ನು ಅವರ ಬಲಗೈಯ ಕಡೆ ಚಾಚಿದ. ಬಲಗೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು. ಎಡಗೈ ಅದನ್ನು ದಾಟಿಕೊಂಡು ಬಂದು ಹಿಡಿಯನ್ನು ಹಿಡಿಯಿತು. ಆಗ ಅವನಿಗೆ ಹೊಳೆಯಿತು. ಎಂಟು ದಿನದಿಂದ ಅವನು ಈ ಕೋಲಿನ ತೂಕ ಇಳಿಸಿದ್ದ, ಹೆಸರಿನ ಬಗ್ಗೆ ಯೋಚಿಸಿದ್ದ, ನಿಯಮದ ಬಗ್ಗೆ, ತನ್ನ ತಪ್ಪಿನ ಬಗ್ಗೆ, ತಾನು ಹೇಳಬೇಕಾದ ವಾಕ್ಯದ ಬಗ್ಗೆ ಯೋಚಿಸಿದ್ದ. ಹಿಡಿಯುವ ಕೈಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಭಾವ ಕೋಲನ್ನು ನಿಧಾನವಾಗಿ ಎದೆಗಡ್ಡ ತಂದುಕೊಂಡರು. ಹಿಡಿ ಎಡಕ್ಕೆ, ತುದಿ ಬಲಕ್ಕೆ. ತಲೆ ಬಗ್ಗಿಸಿದರು.

'ಕೈ' ಎಂದರು. ಸ್ವಲ್ಪ ತಡೆದು, 'ಯಾರೆ' ಎಂದರು.

ಅಕ್ಕ ಹಿಂದಿನಿಂದ ಬಾಗಿ ನೋಡಿದಳು. ನೋಡಿದವಳ ಕಣ್ಣು ತುಂಬಿತು. 'ನೋಡಿದ್ರಾ? ನಿಮ್ಮ ಎಡಗೈಗೆ ಸರಿಯಾಗಿ ತಿರುಗಿಸಿ ಹಾಕಿದಾನೆ. ನಿಮ್ಮ ಹಳೇ ಗುರುತು ಬೇರೆ, ಎಲ್ಲಿ ಜೋಪಾನ ಮಾಡಿಟ್ಟಿದ್ನೋ. ಸ್ವಂತ ಮಕ್ಕಳೂ ಇಷ್ಟು ನೆನಪಿಟ್ಕೊಂಡು ಮಾಡಲ್ಲ.' ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮನ ತೋಳು ಸವರಿದಳು. ಸುಮ್ಮನೆ ನಿಂತಿದ್ದರೆ ಸಾಕು, ಈ ಹೊಗಳಿಕೆಯೂ ಅವನದಾಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಯಾರಿಗೂ ನಷ್ಟವಿಲ್ಲ, ಅಕ್ಕನಿಗೆ ಸಂತೋಷ. ಆ ಪ್ರದರ್ಶನದ ಹಾಲಿನಲ್ಲೂ ಹೀಗೇ ಆಗಿತ್ತು. ಯಾರೋ ಕೈ ಕುಲುಕಿದರು, ಯಾರೋ ಬೆನ್ನು ತಟ್ಟಿದರು, ಅವನು ಮಾಡಬೇಕಾಗಿ ಬಂದದ್ದು ನಗುವುದಷ್ಟೇ. ಜೇಬಿನ ಹತ್ತಿಯ ನೀರು ತೊಡೆಯ ಮೇಲೆ ಇಳಿಯುತ್ತಿತ್ತು.

'ಇಲ್ಲ ಅಕ್ಕ. ನಾನು ಬೇಕು ಅಂತ ತಿರುಗಿಸಿದ್ದಲ್ಲ. ತಪ್ಪಿ ಹಾಗೆ ಕೂತ್ಕೊಂಡ್ತು.'

'ಸುಮ್ನಿರೋ. ಹೊಗಳಿದ್ರೆ ಇವನಿಗೆ ನಾಚಿಕೆ.'

'ಭಾವ,' ಎಂದ. 'ತಪ್ಪು ನಂದು.'

ಭಾವ ತಲೆಯೆತ್ತಲಿಲ್ಲ. ಎಡ ಹೆಬ್ಬೆರಳನ್ನು ಚಾಚಿ ಅಕ್ಷರಗಳ ಹತ್ತಿರಕ್ಕೆ ತಂದು, ಮುಟ್ಟದೆ ನಿಲ್ಲಿಸಿದರು. ಪೊರೆಗೆ ಇನ್ನೂ ಅಂಟು ಬಿದ್ದಿಲ್ಲವೆಂದು ಅವರ ಬೆರಳಿಗೆ ತಿಳಿದಿತ್ತು.

'ಯಾವುದು?' ಎಂದರು.

ಹೊರಗೆ ಆಟೋದವನು ಹಿಂದಕ್ಕೆ ತಿರುಗಿಸಿಕೊಳ್ಳುತ್ತಿದ್ದ ಸದ್ದು ಬಹಳ ಹೊತ್ತು ಕೇಳಿಸಿತು. ನೂರು ಸಲ ಹೇಳಿಕೊಂಡ ವಾಕ್ಯ ಈಗಲೂ ಅರ್ಧಕ್ಕೇ ನಿಂತಿತ್ತು. ಅದರ ಬದಲು ಬೇರೊಂದು ಮಾತು ಬಾಯಿಗೆ ಬಂತು.

'ಎರಡೂ' ಎಂದ.

'ಎರಡು ಯಾವುದೋ?' ಎಂದಳು ಅಕ್ಕ, ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡುತ್ತ. ಭಾವ ಕೋಲನ್ನು ಬೆಳಕಿಗೆ ಹಿಡಿದು, ತುದಿಯನ್ನು ಒಂದು ಸಲ ಅಲುಗಿಸಿ ಅದರ ಬಾಗು ನೋಡಿದರು. ಉಂಗುರಗಳ ಸಾಲಿನ ಮೇಲೆ ಕಣ್ಣಾಡಿಸಿದರು. ಹತ್ತೊಂಬತ್ತು ವರ್ಷ ಕಾದವನಿಗೆ ಆ ಒಂದು ನಿಮಿಷ ಕಾಯಲಾಗಲಿಲ್ಲ.

'ಇದು ತಪ್ಪಲ್ಲ' ಎಂದರು ಭಾವ.

ಅವನು ಕಾದ. ಇನ್ನೊಂದರ ಬಗ್ಗೆ ಅವರು ಏನೂ ಹೇಳಲಿಲ್ಲ. ಕೋಲನ್ನು ಎಡಗೈಯಿಂದ ಅವನ ಕಡೆಗೆ ಚಾಚಿದರು, ಹಿಡಿ ಅವನಿಗೆ ಸಿಗುವ ಹಾಗೆ.

'ಒಂದು ಕೈ ಅಂಟು ಕೊಡು' ಎಂದರು. ಮುಂದಿನ ಮಾತಿಗಾಗಿ ಬಾಯಿ ಸ್ವಲ್ಪ ಹೊತ್ತು ಒದ್ದಾಡಿತು. ಅಕ್ಕ ನೆರವಿಗೆ ಬಾಗಿದಳು, ಅವರು ಬೇಡವೆಂದು ತಲೆಯಾಡಿಸಿದರು. 'ಈ ಸಲ... ನಾನು... ಇಲ್ಲೇ ಕೂತಿರ್ತೀನಿ.'

ಅವನು ಎರಡು ಸೀಸೆಗಳನ್ನೂ ಹತ್ತಿರಕ್ಕೆಳೆದುಕೊಂಡು ಮುಚ್ಚಳ ತಿರುವಿದ.